ಕಾಶೀಬಾಯಿಯ ಹೊಲದಲ್ಲಿ ನೆಟ್ಟ ಬೋರ್ಡ್

ಜನ ಕೊರೊನಾ ಮಾಸ್ಕು ಕಿತ್ತೆಸೆದು ಮತ್ತೆ ಸಂತೆ, ಮದುವೆ ಎಂದು ಗುಂಪುಗೂಡಲು ಶುರುಮಾಡಿದ ವರ್ಷ ನಾನು ಆಳಂದ ತಾಲ್ಲೂಕಿನಲ್ಲಿ ವಿಸ್ತರಣಾ ವಿಜ್ಞಾನಿಯಾಗಿದ್ದೆ. ಸಂಶೋಧನಾ ಕೇಂದ್ರದಲ್ಲಿ ಕಂಡುಕೊಂಡದ್ದನ್ನು ರೈತರ ಹೊಲಕ್ಕೆ ಒಯ್ಯುವುದು, ಹೊಲದಲ್ಲಿ ಕಂಡದ್ದನ್ನು ಕೇಂದ್ರಕ್ಕೆ ತರುವುದು ನನ್ನ ಕೆಲಸ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಜೀಪಿನ ಧೂಳು ತಿಂದು ಒಂದೇ ಮಾತನ್ನು ಹತ್ತು ಬದುವಿನ ಮೇಲೆ ಹೇಳುವುದು. ನಾನು ಮಟಕಿ ಎಂಬ ಊರಿನವಳು. ನನ್ನವ್ವ ಇದೇ ಸೀಮೆಯ ತೊಗರಿ ಹೊಲಗಳಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದಳು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಬರುತ್ತದೆ, ಏನೀಗ? ಅದೂ ಅವ್ವನದೇ ಆಸ್ತಿ.

ಆ ವರ್ಷ ನಾಲ್ಕು ಸಂಸ್ಥೆಗಳು ಕೂಡಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ಕೃಷಿ ವಿಶ್ವವಿದ್ಯಾಲಯ, ಹೊರದೇಶದ ನಂಟಿದ್ದ ಒಂದು ಸಂಶೋಧನಾ ಸಂಸ್ಥೆ, ನಮ್ಮ ಕೇಂದ್ರ, ಜೊತೆಗೆ ಹಳ್ಳಿಗಳಲ್ಲಿ ಓಡಾಡುವ ಒಂದು ಸ್ವಯಂಸೇವಾ ಸಂಸ್ಥೆ. ವಿಷಯ ಸಂರಕ್ಷಣಾ ಕೃಷಿ. ನೆಲವನ್ನು ನೇಗಿಲಿನಿಂದ ಮಗುಚಬಾರದು, ಕೊಯ್ಲಾದ ಮೇಲೆ ಕೂಳೆ, ಎಲೆ, ದಂಟು ಹೊಲದಲ್ಲೇ ಹಾಸಿಗೆಯಾಗಿ ಬೀಳಬೇಕು, ಒಂದೇ ಬೆಳೆಯನ್ನು ವರ್ಷವೂ ಹಾಕದೆ ತೊಗರಿಯ ಸಾಲಿನ ನಡುವೆ ಹೆಸರು, ಮರುವರ್ಷ ಜೋಳ ಎಂದು ಬದಲಿಸುತ್ತ ಹೋಗಬೇಕು. ಹೀಗೆ ಮಾಡಿದರೆ ನಮ್ಮ ಎರಿ ಹೊಲದ ಕರಿಮಣ್ಣು ಮಳೆಗೆ ಕೊಚ್ಚಿಹೋಗದೆ ತೇವ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದು ಲೆಕ್ಕಾಚಾರ. ಉಳದ ನೆಲದಲ್ಲಿ ನೇರವಾಗಿ ಬಿತ್ತುವ ಝೀರೋ ಟಿಲ್ ಸೀಡ್ ಡ್ರಿಲ್ ಎಂಬ ಕೂರಿಗೆ ಯಂತ್ರ ವಿಶ್ವವಿದ್ಯಾಲಯದಿಂದ ಬರುತ್ತಿತ್ತು. ಮಣ್ಣಿನ ಪರೀಕ್ಷೆ ಇನ್ನೊಬ್ಬರದು. ರೈತರನ್ನು ಒಪ್ಪಿಸಿ ಹೊಲ ಹುಡುಕುವುದು ನನ್ನ ಪಾಲಿಗೆ ಬಂತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆ ವಿಜ್ಞಾನದ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಆ ನಾಲ್ವರು ಕೂಡದಿದ್ದರೆ ಆ ಯಂತ್ರ ನಮ್ಮ ಸೀಮೆಯ ಮುಖ ನೋಡುತ್ತಿರಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ಒಂದೊಂದು ಹೊಲ ಗೊತ್ತಾಯಿತು. ಆಳಂದದ್ದು ನಿಂಬರ್ಗಾದ ಕಾಶೀಬಾಯಿಯ ಹೊಲ. ಕಾಶೀಬಾಯಿ ಗಂಡ ತೀರಿದ ಮೇಲೆ ಒಬ್ಬಳೇ ಒಕ್ಕಲುತನ ಹಿಡಿದು ನಿಂತ ಹೆಂಗಸು. ಅವಳ ಒಬ್ಬನೇ ಮಗ ಸಿದ್ರಾಮ ಮೂವತ್ತು ದಾಟಿದವನು, ಮಾತು ಕಡಿಮೆ, ದುಡಿತ ಜಾಸ್ತಿ. ನಾನು ಮೊದಲ ಸಲ ವಿಷಯ ಹೇಳಿದಾಗ ಕಾಶೀಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನೇ ದಿಟ್ಟಿಸಿದಳು.

“ಅಲ್ರೀ ಮೇಡಂ, ಹೊಲಾ ಹರಗಲಾರ್ದ ಹಂಗೇ ಬಿಟ್ರ ಮಂದಿ ಏನಂತಾರ? ಕಾಶೀಬಾಯಿಗಿ ಸೊಕ್ಕ ಬಂದದ ಅಂತಾರ, ಇಲ್ಲಂದ್ರ ಸಾವು ಬಂದದ ಅಂತಾರ.”

“ಮಂದಿ ನಿಮ್ಮ ಹೊಲಕ್ಕ ಬಂದು ದುಡಿತಾರೇನವ್ವಾ?” ಎಂದೆ.

“ಅದು ಖರೆ. ಆತು, ಮಾಡಿ ನೋಡೂಣು. ಆದ್ರ ಹೊಲಾ ನಂದು. ನಾ ಸಾಕು ಅಂದ್ರ ಸಾಕು.”

ನಮ್ಮ ಕಡೆ ಬೇಸಿಗೆಯಲ್ಲಿ ಹೊಲ ಉಳದಿರುವುದು ಸಣ್ಣ ಮಾತಲ್ಲ. ಯುಗಾದಿ ಹೊತ್ತಿಗೆ ಎಲ್ಲರ ಹೊಲವೂ ಕರಿ ಹೆಂಟೆ ಎದ್ದು ನಿಂತಿರಬೇಕು. ಹಾಗೆ ನಿಂತ ಹೊಲವೇ ಮನೆತನದ ಮುಖ. ಜೇವರ್ಗಿಯ ರೈತ ಚಹಾದಂಗಡಿಯಲ್ಲಿ ಮಂದಿಯ ಚೇಷ್ಟೆ ತಡೆಯಲಾರದೆ ಎರಡನೆಯ ಬೇಸಿಗೆಯಲ್ಲೇ ಟ್ರ್ಯಾಕ್ಟರ್ ಹೊಡೆಸಿಬಿಟ್ಟ. ಅಫಜಲಪುರದವನು ಕಬ್ಬಿನ ಆಸೆಗೆ ಬಿದ್ದ. ಉಳಿದದ್ದು ನಿಂಬರ್ಗಾ ಒಂದೇ. ಅಲ್ಲಿ ಮೊದಲ ವರ್ಷ ಕಳೆ ತಲೆಯೆತ್ತಿತು, ಇಳುವರಿ ಪಕ್ಕದ ಹೊಲಕ್ಕಿಂತ ಕಡಿಮೆಯೇ ಬಂತು. ನಾನು ಹಾಗೆಯೇ ಬರೆದು ಕಳಿಸಿದೆ. ಎರಡನೆಯ ವರ್ಷ ಸರಿಸಮ ಆಯಿತು, ಖರ್ಚು ಇಳಿಯಿತು. ಮೂರನೆಯ ವರ್ಷ ನಡುವೆ ಮಳೆ ಕೈಕೊಟ್ಟಾಗ ಪಕ್ಕದ ತೊಗರಿ ಮಧ್ಯಾಹ್ನಕ್ಕೆ ತಲೆ ಬಾಗಿಸಿದರೆ ಕಾಶೀಬಾಯಿಯ ತೊಗರಿ ಸಂಜೆತನಕ ನಿಂತಿತ್ತು. ನೆಲ ಆಗಷ್ಟೇ ಮಾತು ಕೇಳತೊಡಗಿತ್ತು. ಈಗ ಒಂದು ಸಲ ನೇಗಿಲು ಹಾಕಿದರೆ ಮೂರು ವರ್ಷದ ದುಡಿತ ಒಂದೇ ದಿನಕ್ಕೆ ಮಣ್ಣುಪಾಲು.

ಬೆಳೆಗಿಂತ ಜೋರಾಗಿ ಆ ಹೊಲದಲ್ಲಿ ಬೆಳೆದದ್ದು ಬೋರ್ಡ್. ಮೊದಲ ವರ್ಷ ನಾನೇ ಬರೆಸಿದ ಸಣ್ಣ ತಗಡು: ಬೆಳೆ, ತಳಿ, ಬಿತ್ತಿದ ದಿನ, ರೈತರ ಹೆಸರು. ಮರುವರ್ಷ ಯಾರ ಲಾಂಛನ ಮೊದಲು ಬರಬೇಕೆಂಬ ಜಗಳ ಹುಟ್ಟಿ ಬೋರ್ಡ್ ಅಗಲವಾಯಿತು. ಮೂರನೆಯ ವರ್ಷ ಯೋಜನೆಗೆ ಹಣ ಕೊಟ್ಟವರ ಲಾಂಛನವೂ ಸೇರಿ, ಎರಡು ಕಬ್ಬಿಣದ ಕಂಬದ ಮೇಲೆ, ರಸ್ತೆಯಲ್ಲಿ ಹೋಗುವ ಬಸ್ಸಿಗೂ ಕಾಣುವಂತೆ ಎದ್ದು ನಿಂತಿತು. ಕಾಶೀಬಾಯಿಯ ಹೆಸರು ಮಾತ್ರ ಎಲ್ಲರಿಗೂ ಜಾಗ ಕೊಡುತ್ತ ಕೊಡುತ್ತ ಕೆಳಗಿಳಿದು, ಕೊನೆಗೆ ಇರಲೇ ಇಲ್ಲ. ಕೇಳಿದ್ದಕ್ಕೆ ಯೋಜನೆಯ ಸಂಯೋಜಕರು, ಬೆಂಗಳೂರು ಕಡೆಯ ನಯವಾದ ಮನುಷ್ಯ, “ಡಿಸೈನ್ ಮೇಲಿಂದ ಬಂದಿದೆ ಮೇಡಂ” ಎಂದರು. ಮೇಲಿಂದ ಮಳೆ ಬಂದರೆ ಸಾಕಾಗಿತ್ತು.

ಆ ಬೇಸಿಗೆಯಲ್ಲಿ ಸಿದ್ರಾಮನಿಗೆ ಒಂದು ಸಂಬಂಧ ಕೂಡಿಬಂತು. ಒಕ್ಕಲುತನ ಮಾಡುವ ಹುಡುಗರಿಗೆ ಈಗ ಹೆಣ್ಣು ಸಿಗುವುದು ಎಷ್ಟು ಕಷ್ಟ ಎನ್ನುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಎಷ್ಟೋ ಮನೆಗಳು “ಹುಡುಗ ಏನು ಮಾಡ್ತಾನ್ರಿ” ಎಂದು ಕೇಳಿ ಅಲ್ಲಿಗೇ ಫೋನ್ ಇಟ್ಟಿದ್ದವು. ಈ ಸಂಬಂಧ ಅಫಜಲಪುರ ತಾಲ್ಲೂಕಿನ ಮಣ್ಣೂರದ್ದು, ಭೀಮಾ ದಂಡೆಯ ಊರು. ಹುಡುಗಿ ಭಾಗ್ಯಶ್ರೀ, ಅವಳನ್ನು ಸಾಕಿದವರು ಅಜ್ಜ ಅಣ್ಣಾರಾವ. ಒಕ್ಕಲುತನ ಮಾಡುವವನಿಗೇ ಕೊಡುತ್ತೇನೆ ಎಂದು ತಾವಾಗಿ ಹೇಳಿದವರು ಅವರೊಬ್ಬರೇ. ಗಂಡಿನ ಮನೆ ನೋಡಲು ಹಿರಿಯರು ಬಂದರು. ಊಟ ಆಯಿತು, ಶೇಂಗಾ ಹೋಳಿಗೆ ಮೆಚ್ಚಿದರು. ಹೊಲ ನೋಡಿ ಬರುತ್ತೇವೆಂದು ಹೋದವರು ರಸ್ತೆಯಿಂದಲೇ ನೋಡಿ, ತಿರುಗಿ ಬಂದು, ಚಹಾ ಸಹ ಕುಡಿಯದೆ ಜೀಪು ಹತ್ತಿದರು. ಎರಡು ದಿನ ಬಿಟ್ಟು ನಡುವಿನವರ ಕೈಯಲ್ಲಿ ಮಾತು ಬಂತು: ಹೊಲ ಸರಕಾರಕ್ಕೆ ಹೋಗಿದೆ, ಹೆಣ್ಣು ಕೊಡುವುದಿಲ್ಲ.

ಕಾಶೀಬಾಯಿಯ ಫೋನು ಬಂದಾಗ ನಾನು ಆಫೀಸಿನಲ್ಲಿದ್ದೆ.

“ಮೇಡಂ, ನಿಮ್ಮ ಬೋರ್ಡ್ ನನ್ನ ಮಗನ ಲಗ್ನಾ ಮುರೀತ್ರಿ. ಸಿದ್ಯಾ ಟ್ರ್ಯಾಕ್ಟರ್ ಹೇಳ್ಯಾನ. ನಾಳಿ ನೇಗಿಲಾ ಹೊಡಸ್ತಾನಂತ. ಬರ್ತೀರೇನು, ಇಲ್ಲಾ ಬೋರ್ಡಿಗೇ ಹೇಳ್ಲಿ?”

ಆಮೇಲೆ ತಿಳಿಯಿತು. ಮಣ್ಣೂರಿನಲ್ಲಿ ಬ್ಯಾರೇಜಿನ ಹಿನ್ನೀರಿಗೆ ಅಣ್ಣಾರಾವರ ದಂಡೆಯ ಹೊಲ ಹೋಗಿತ್ತು. ಹೋಗುವ ಮುಂಚೆ ಅಲ್ಲಿಯೂ ಹೀಗೆಯೇ ಎರಡು ಕಬ್ಬಿಣದ ಕಂಬ, ಲಾಂಛನದ ಬೋರ್ಡ್ ಬಂದಿತ್ತು. ಬೋರ್ಡ್ ನಿಂತ ಹೊಲವನ್ನು ಆ ಊರಿನಲ್ಲಿ ಮತ್ತೆ ಯಾರೂ ಉತ್ತಿರಲಿಲ್ಲ. ಉಳದ ನೆಲ, ಮೇಲೆ ಅಂಥದೇ ಬೋರ್ಡ್: ಅವರು ಬೇರೆ ಏನೆಂದುಕೊಳ್ಳಬೇಕಿತ್ತು? ಬೇರೆ ಯಾವ ಊರಿನವರಾದರೂ ಸೋಮಾರಿ ಒಕ್ಕಲು ಎನ್ನುತ್ತಿದ್ದರು. ಮಣ್ಣೂರಿನವರು ಮಾತ್ರ ಆ ಹೊಲ ಕೈಬಿಟ್ಟಿದೆ ಎಂದೇ ತಿಳಿದರು.

ಫೋನು ಬಂದ ಮರುದಿನ ಬೆಳಿಗ್ಗೆ ನಾನು ನಿಂಬರ್ಗಾಕ್ಕೆ ಹೋದಾಗ ಟ್ರ್ಯಾಕ್ಟರ್ ಬದುವಿನ ಹತ್ತಿರ ನಿಂತಿತ್ತು. ಮೂರು ವರ್ಷದಲ್ಲಿ ನಾನು ಸಿದ್ರಾಮನ ದನಿ ಅಷ್ಟು ಜೋರಾಗಿ ಕೇಳಿರಲಿಲ್ಲ.

“ಅವ್ವಾ, ನನಗ ಲಗ್ನ ಆಗಬೇಕೋ ಬ್ಯಾಡೋ? ಹೊಲಾ ಹರಗಿದ್ರ ಅವರು ನಂಬ್ತಾರ. ಆಚಿ ಸರಿ.”

“ಲೇ ಸಿದ್ಯಾ, ಇವತ್ತು ನೇಗಿಲಾ ಹಾಕಿದ್ರ ಅವರಿಗಿ ಅಂಜಿ ಹಾಕಿದಂಗ ಆತು. ನಾಳಿ ಅವರು ಮೀಸಿ ಬೋಳಸು ಅಂತಾರ, ಬೋಳಸ್ತೀ? ಮೂರು ವರ್ಷ ಊರ ಮಂದಿ ಬಾಯಿ ತಡಕೊಂಡೇನಿ. ನೇಗಿಲಾ ಮಾತ್ರ ಹಾಕಾಂಗಿಲ್ಲ.”

“ಹಂಗಾದ್ರ ಏನು ಮಾಡ್ಲಿ?”

ಕಾಶೀಬಾಯಿ ಬೋರ್ಡಿನ ಕಡೆ ಕೈಮಾಡಿದಳು. “ಇದನ್ನ ಕೀಳು.”

ಇಬ್ಬರೂ ನನ್ನ ಮುಖ ನೋಡಿದರು. ನಾನು ಸಂಯೋಜಕರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

“ಅಯ್ಯೋ, ಹಾಗೆಲ್ಲ ತೆಗೆಯೋಕಾಗಲ್ಲ ಮೇಡಂ. ಮುಂಗಾರು ಶುರುವಿಗೆ ಹಣ ಕೊಟ್ಟವರು ಬರ್ತಿದ್ದಾರೆ. ಮೂರು ತಾಲ್ಲೂಕಲ್ಲಿ ಉಳಿದಿರೋದು ಅದೊಂದೇ ಬೋರ್ಡ್. ಮದುವೆ ಅವರ ಪರ್ಸನಲ್ ವಿಷಯ. ನೀವು ಸ್ವಲ್ಪ ಮ್ಯಾನೇಜ್ ಮಾಡಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು.”

ಆ ಮನುಷ್ಯ ಉಳಿದಿರುವುದು ಒಂದೇ ಹೊಲ ಎನ್ನಲಿಲ್ಲ, ಒಂದೇ ಬೋರ್ಡ್ ಎಂದ.

“ಸರ್, ಕೋಲು ಮುರೀತು” ಎಂದು ಫೋನ್ ಇಟ್ಟೆ.

ನೇಗಿಲು ಹೊಡೆಯಲು ಬಂದ ಟ್ರ್ಯಾಕ್ಟರಿಗೇ ಸರಪಳಿ ಕಟ್ಟಿಸಿದೆ. ಚಾಲಕ ಹಿಂದೆಮುಂದೆ ನೋಡಿದ. “ಸರಕಾರಿ ಬೋರ್ಡ್ ಅದರಿ ಬಾಯಾರ, ನನ್ನ ಮ್ಯಾಲೆ ಕೇಸ್ ಆದ್ರ?” ಎಂದ. “ನನ್ನ ಹೆಸರು ಹೇಳು” ಎಂದೆ. ಕಂಬ ಒಮ್ಮೆ ಅಲುಗಿತು, ಬಾಗಿತು, ಆಮೇಲೆ ಸಿಮೆಂಟಿನ ಗಡ್ಡೆ ಸಮೇತ ಎದ್ದು ಬಂತು. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ಸದ್ದು ಇನ್ನೊಂದಿಲ್ಲ. ಕಾಶೀಬಾಯಿ ತಗಡನ್ನು ಎಳೆಸಿಕೊಂಡು ಹೋಗಿ ಆಡಿನ ಕೊಟ್ಟಿಗೆಗೆ ಹೊದಿಸಿದಳು. “ಇಷ್ಟು ದಿನಕ್ಕ ನಾಲ್ಕೂ ಸಂಸ್ಥಾ ಕೂಡಿ ಒಂದು ಕೆಲಸಾ ಮಾಡಿದ್ವು ನೋಡ್ರಿ, ಆಡಿಗಿ ನೆಳ್ಳ ಆತು” ಎಂದಳು.

ಆ ವಾರವೇ ನನಗೆ ನೋಟಿಸ್ ಬಂತು. ಯೋಜನೆಯ ಆಸ್ತಿಗೆ ಹಾನಿ ಮಾಡಿದ್ದೇಕೆ ಎಂದು ಕೇಳಿದ್ದರು. ಬೋರ್ಡ್ ಯೋಜನೆಯದು, ನೆಲ ಕಾಶೀಬಾಯಿಯದು, ನೆಲದ ಒಡತಿ ಬೇಡವೆಂದಳು ಎಂದು ಉತ್ತರ ಬರೆದೆ. ಕ್ಷಮೆ ಕೇಳಿ ಎಂದು ಗೆಳೆಯರು ಬುದ್ಧಿ ಹೇಳಿದರು. ನಾನು ಕೇಳಲಿಲ್ಲ.

ಆಮೇಲೆ ಮಣ್ಣೂರಿಗೆ ಹೋದೆ. ಅಣ್ಣಾರಾವ ಕಟ್ಟೆಯ ಮೇಲೆ ಕೂತು ಎಲೆ ಮಡಿಚುತ್ತಿದ್ದರು. ಬೋರ್ಡ್ ಕಿತ್ತದ್ದನ್ನೂ ಹೊಲ ಕಾಶೀಬಾಯಿಯದೇ ಎನ್ನುವುದನ್ನೂ ಹೇಳಿ, ಬೇಕಾದರೆ ಪಹಣಿ ತರಿಸುತ್ತೇನೆ ಎಂದೆ. ಅವರು ಕಹಿಯಾಗಿ ನಕ್ಕರು.

“ಪಹಣಿ ನಮ್ಮ ಹೆಸರಿಗೂ ಇತ್ರಿ. ನೀರು ಬಂದು ನಿಂತ ಮ್ಯಾಲೂ ಇತ್ತು. ಕಾಗದಾ ಯಾಕ ತೋರಸ್ತೀರಿ? ಅವತ್ತೂ ನಿಮ್ಮಂಥ ಸಾಹೇಬ್ರು ಹಿಂಗೇ ಛಲೋ ಮಾತಾಡಿದ್ರು.”

ನಾನು ಎದ್ದು ನಿಲ್ಲುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಭಾಗ್ಯಶ್ರೀ ಮಾತಾಡಿದಳು.

“ಅಜ್ಜಾ, ನೀ ರಸ್ತಾದ ಮ್ಯಾಲಿಂದ ನೋಡಿ ಬಂದಿ. ನಾ ಹೊಲದಾಗ ಇಳಿದು ನೋಡ್ತೇನಿ.”

“ಲಗ್ನಕ್ಕ ಮೊದಲ ಹುಡುಗಿ ಗಂಡಿನ ಊರಿಗಿ ಹೋಗೂದು ಎಲ್ಲಿ ಅದ ಬೇ? ಮಂದಿ ನಗ್ತಾರ.”

“ನಗ್ಲಿ. ದುಡಿಯಾಕಿ ನಾನು, ನಗಾವರು ಬಂದು ಕಳೀ ತಗೀತಾರೇನು?”

ಮಾತು ಕೇಳಿ ನನಗೆ ಕಾಶೀಬಾಯಿಯ ಮುಂದೆ ನಿಂತಂತಾಯಿತು. ಅಲ್ಲಿಯೇ ನನಗೊಂದು ಯೋಚನೆ ಬಂತು. ಹಣ ಕೊಟ್ಟವರು, ನಾಲ್ಕೂ ಸಂಸ್ಥೆಯವರು ನಿಂಬರ್ಗಾಕ್ಕೆ ಬರುವ ದಿನವೇ ಬನ್ನಿ ಎಂದೆ. ಹೊಲ ತಮ್ಮದಲ್ಲ ಎಂದು ಅವರ ಬಾಯಿಂದಲೇ, ನಿಮ್ಮ ಮುಖಕ್ಕೆ ಹೇಳಿಸುತ್ತೇನೆ ಎಂದು ಮಾತು ಕೊಟ್ಟೆ. ಅಣ್ಣಾರಾವ ಎಲೆ ಬಾಯಿಗಿಟ್ಟು, “ಆತು, ಅದೊಂದು ನೋಡೂಣು” ಎಂದರು.

ಆ ದಿನ ಬಂತು. ಹಿಂದಿನ ದಿನ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಿತ್ತು. ಕಾರುಗಳು ರಸ್ತೆಯ ಮೇಲೆ ಸಾಲಾಗಿ ನಿಂತವು. ಬೂಟು, ಟೋಪಿ, ಕ್ಯಾಮೆರಾ. ಎಲ್ಲರೂ ಹೊಲದ ನಡುವಿನತನಕ ನಡೆದುಕೊಂಡೇ ಬಂದರು. ಅಷ್ಟು ಮಳೆಯಾದ ಎರಿ ಹೊಲದಲ್ಲಿ ಹಾಗೆ ನಡೆಯಬಹುದು ಎನ್ನುವುದೇ ನಮ್ಮ ಕಡೆ ದೊಡ್ಡ ಸುದ್ದಿ. ಮಣ್ಣು ಮೆತ್ತಲೇ ಇಲ್ಲ ಎಂದರೆ ಸುಳ್ಳು, ಆದರೆ ದಂಟಿನ ಹಾಸಿಗೆ ಕಾಲನ್ನು ತಡೆದು ಹಿಡಿಯುತ್ತಿತ್ತು. ಅಣ್ಣಾರಾವ ಮೊಮ್ಮಗಳ ಜೊತೆ ಒಂದು ಬದಿಗೆ ನಿಂತಿದ್ದರು. ಸಿದ್ರಾಮ ಅವರ ಕಡೆ ನೋಡುವ ಧೈರ್ಯವಿಲ್ಲದೆ ಪಾನಾ ಹಿಡಿದು ಕೂರಿಗೆ ಯಂತ್ರದ ಬೋಲ್ಟು ಬಿಗಿಯುತ್ತಿದ್ದ, ಅದು ಆಗಲೇ ಬಿಗಿಯಾಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ವಿಶ್ವವಿದ್ಯಾಲಯದ ಪ್ರೊಫೆಸರು ಅತಿಥಿಗಳಿಗೆ ಕೈ ಬೀಸಿ ತೋರಿಸಿದರು. “ಇದು ನಮ್ಮ ಮುಖ್ಯ ಪ್ಲಾಟ್.” ಮಣ್ಣು ಪರೀಕ್ಷೆಯವರು, “ನಮ್ಮ ಸೈಟ್‌ನಲ್ಲಿ ತೇವಾಂಶ...” ಎಂದು ಶುರುಮಾಡಿದರು. ಸ್ವಯಂಸೇವಾ ಸಂಸ್ಥೆಯವರು, “ನಮ್ಮ ಫೀಲ್ಡಿಗೆ ರೈತರನ್ನ ಕರ್ಕೊಂಡು ಬರ್ತೀವಿ” ಎಂದರು. ಅವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಅದು ನಮ್ಮ ಕಸುಬಿನ ಮಾತಿನ ರೂಢಿ. ಆದರೆ ಅಣ್ಣಾರಾವರ ಮುಖ ಒಂದೊಂದು ‘ನಮ್ಮ’ಕ್ಕೂ ಬಿಗಿಯುತ್ತ ಹೋಯಿತು. ಅವರು ಕೋಲೂರಿ ತಿರುಗಿದರು.

“ನಡೀ ಭಾಗ್ಯಾ. ಕೇಳಿದಿ ಅಲ್ಲಾ?”

ಸಂಸ್ಥೆಯವರ ಬಾಯಿಂದಲೇ ಹೇಳಿಸುತ್ತೇನೆ ಎಂದಿದ್ದೆ, ಹೇಳಿಸಿದ್ದು ಇದನ್ನು! ಸಿದ್ರಾಮನ ಕೈಯಿಂದ ಪಾನಾ ಕೆಳಗೆ ಬಿತ್ತು. ಅಷ್ಟರಲ್ಲಿ ಬದುವಿನ ಕಡೆಯಿಂದ ಚಹಾದ ಕಿಟಲಿ ಹಿಡಿದು ಬರುತ್ತಿದ್ದ ಕಾಶೀಬಾಯಿ ಅದನ್ನು ನೆಲಕ್ಕಿಟ್ಟಳು.

“ಯಾರ ಪ್ಲಾಟ್ರೀ? ಯಾರ ಸೈಟು?”

ಎಲ್ಲರೂ ತಿರುಗಿದರು.

“ನಮ್ಮ ಮಾವ ಗಳಿಸಿದ ಹೊಲಾ ಇದು. ಗಂಡ ಹೋದ ಮ್ಯಾಲೆ ನಾ ಹಿಡಿದು ನಿಂತೇನಿ. ನಿಮ್ಮ ಮಾತು ಕೇಳಿ ನೇಗಿಲಾ ಬಿಟ್ಟೇನಿ, ಹೊಲಾ ಬಿಟ್ಟಿಲ್ಲ. ನಡೀರಿ ಹೊರಗ! ಎಲ್ಲಾರೂ! ಮೊದಲ ಬದುವಿನ ಆಚಿಗಿ ನಿಂದರ್ರಿ.”

ಸಂಯೋಜಕರು ಮುಂದೆ ಬಂದರು. “ಅಮ್ಮಾ, ಗೆಸ್ಟ್ ಬಂದಿದ್ದಾರೆ. ಎಂಒಯು ಒಪ್ಪಂದದ ಪ್ರಕಾರ...”

“ಅದನ್ನ ಒಯ್ದು ಒಲಿಗಿ ಹಾಕು ತಮ್ಮಾ. ನಡಿ ಅಂದೆ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವೂ ನಡೀರಿ ಮೇಡಂ.”

ನಾನೇ ಮೊದಲು ನಡೆದೆ. ನನ್ನ ಹಿಂದೆ ಪ್ರೊಫೆಸರು, ಅವರ ಹಿಂದೆ ಮಣ್ಣಿನವರು, ಕ್ಯಾಮೆರಾದವರು, ಹಣ ಕೊಟ್ಟವರು. ಬದು ಕಿರಿದು, ನಾವು ಬಹಳ ಜನ. ಅರ್ಧ ಮಂದಿ ಆ ಕಡೆಯ ಉತ್ತ ಹೊಲಕ್ಕೆ ಇಳಿಯಬೇಕಾಯಿತು. ಇಳಿದವರು ಮೊಣಕಾಲತನಕ ಹೋದರು. ಒಬ್ಬರ ಬೂಟು ಒಳಗೇ ಉಳಿದು ಕಾಲು ಮಾತ್ರ ಮೇಲೆ ಬಂತು.

ಅಜ್ಜನ ಹಿಂದೆ ಹೊರಟಿದ್ದ ಭಾಗ್ಯಶ್ರೀಯೂ ಬದುವಿನ ಕಡೆ ಹೆಜ್ಜೆ ಇಟ್ಟಳು. ಕಾಶೀಬಾಯಿ ಅವಳ ರಟ್ಟೆ ಹಿಡಿದಳು.

“ನೀ ಎಲ್ಲಿ ಹೊಂಟಿ ಬೇ? ನೀ ನಿಂದ್ರು.”

ಹೊರಟಿದ್ದ ಅಣ್ಣಾರಾವ ನಿಂತರು. ಬದುವಿನ ಮೇಲೆ ಸಾಲಾಗಿ ನಿಂತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಕೆಸರಿನಲ್ಲಿ ಬೂಟು ಹುಡುಕುತ್ತಿದ್ದವರನ್ನು ಹೆಚ್ಚು ಹೊತ್ತು ನೋಡಿದರು. ಆಮೇಲೆ ಅವರ ಹೊಟ್ಟೆ ಕುಣಿಯತೊಡಗಿತು. ಆ ಮುದುಕ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ನೀರೆಲ್ಲ ನಗೆಯದೇ ಆಗಿರಲಿಲ್ಲ.

“ನಮ್ಮೂರಾಗ ಅವತ್ತು ಸಾಹೇಬ್ರು ಹೊಲದಾಗ ನಿಂತಿದ್ರು, ನಾವು ಬದುವಿನ ಮ್ಯಾಲೆ ನಿಂತಿದ್ವಿ. ಇಲ್ಲಿ ಉಲ್ಟಾ ಅದ. ಕಾಶೀಬಾಯಾರ, ಹೊಲಾ ನಿಮ್ಮದೇ. ಯಾವ ಕಾಗದಾನೂ ಬ್ಯಾಡ.”

ಸಿದ್ರಾಮ ಬಾಗಿ ಪಾನಾ ಎತ್ತಿಕೊಂಡ. ತಲೆ ಎತ್ತಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಸ್ವಲ್ಪ ಹೊತ್ತಿನ ಮೇಲೆ ಸಂಯೋಜಕರು ಬದುವಿನ ಮೇಲಿಂದಲೇ, ಕೆಸರಾದ ಪ್ಯಾಂಟು ಮಡಿಸಿಕೊಂಡು ಕೇಳಿದರು: “ಅಮ್ಮಾ, ನಿಮ್ಮ ಹೊಲದೊಳಗೆ ಬರಬಹುದಾ?” ಅವರು ಹಾಗೆ ಕೇಳಿದ್ದು ನನಗೆ ಇಷ್ಟವಾಯಿತು. “ಬರ್ರಿ, ಚಾ ಆರಾಕತ್ತದ” ಎಂದಳು ಕಾಶೀಬಾಯಿ. ಎಲ್ಲರೂ ಒಳಗೆ ಹೋದರು, ತೇವಾಂಶ ಅಳೆದರು, ಚಹಾ ಕುಡಿದರು. ಬಿತ್ತನೆ ಅದೇ ವಾರ ಆಯಿತು, ಲಗ್ನ ತೊಗರಿ ರಾಶಿಯಾದ ಮೇಲೆ. ಒಪ್ಪಂದ ಮುಂದುವರಿಯಿತು. ಹೊಸ ಬೋರ್ಡ್ ಬೇಕೇ ಬೇಕು ಎಂದು ಹಟ ಹಿಡಿದವರಿಗೆ ಕಾಶೀಬಾಯಿ ಮೊಣಕಾಲೆತ್ತರದ್ದೊಂದು ನೆಡಲು ಬಿಟ್ಟಳು, ಅದರಲ್ಲಿ ಅವಳ ಹೆಸರೇ ಮೊದಲು. ನನ್ನ ನೋಟಿಸ್ ಮಾತ್ರ ನಿವೃತ್ತಿಯತನಕ ನನ್ನ ಸೇವಾ ಕಡತದಲ್ಲಿ ಉಳಿಯಿತು. ಇರಲಿ. ಅಷ್ಟು ಕಡತದಲ್ಲಿ ನಾನು ಕೈಯಾರೆ ಸಂಪಾದಿಸಿದ್ದು ಅದೊಂದೇ.

ಸಂಸ್ಥೆಗಳು ಕೂಡಬೇಕು, ಇನ್ನೂ ಹೆಚ್ಚು ಕೂಡಬೇಕು. ಯಂತ್ರ, ಬೀಜ, ಪರೀಕ್ಷೆ ಯಾವುದನ್ನೂ ಒಬ್ಬ ರೈತ ಒಂಟಿಯಾಗಿ ತರಲಾರ. ಆದರೆ ಹೊಲದಿಂದ ನಮ್ಮನ್ನು ಹೊರಗೆ ಹಾಕುವ ಹಕ್ಕು ಯಾರ ಕೈಯಲ್ಲಿದೆಯೋ ಅವರೇ ಆ ಒಪ್ಪಂದದ ಮೊದಲ ಪಾಲುದಾರರು. ಆ ಹಕ್ಕು ಇಲ್ಲದ ಕಡೆ ಎಷ್ಟು ಸಹಿ ಬಿದ್ದರೂ ಅದು ನಮ್ಮ ನಮ್ಮ ಪ್ರದರ್ಶನ, ಅಷ್ಟೇ. ನನ್ನ ನೌಕರಿ ನನಗೆ ಕಲಿಸಿದ್ದು ಇದು. ಕಲಿಸಿದ ಜಾಗ ಬದು.

ನಿವೃತ್ತಿಯಾದ ಮೇಲೆ ಒಮ್ಮೆ ನಿಂಬರ್ಗಾಕ್ಕೆ ಹೋಗಿದ್ದೆ. ಭಾಗ್ಯಶ್ರೀ ತೊಗರಿ ಸಾಲಿನ ನಡುವೆ ಹೆಸರು ಕೊಯ್ಯುತ್ತಿದ್ದಳು. ಗುರುತು ಹಿಡಿದು ನಕ್ಕಳು. ನಾನು ಸಲಿಗೆಯಿಂದ ಒಳಗೆ ಕಾಲಿಡುವಷ್ಟರಲ್ಲಿ ಕುಡುಗೋಲು ಅಡ್ಡ ಹಿಡಿದು ತಡೆದಳು.

“ನಿಂದರ್ರಿ ಮೇಡಂ. ಯಾರ ಹೊಲಾ ಇದು?”

“ನಿಂದವ್ವಾ” ಎಂದೆ.

“ಹಂಗಾದ್ರ ಬರ್ರಿ.”